ಪಂಪಿಗೆ ಕೈ ಹಚ್ಚುವ ಮೊದಲು

(ಗಾಜಿನ ಕಿಟಕಿ ಮತ್ತು ಸೋಲಾರ್ ಪ್ಯಾನಲ್ ತೊಳೆಯುವ ವ್ಯಾನ್ ಇಟ್ಟುಕೊಂಡಿರುವ ಯುವಕರಿಗಾಗಿ ವಿಜಯಪುರದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಇಲ್ಲಿ ಕೂತವರಲ್ಲಿ ಬಹಳ ಮಂದಿ ಒಂದೇ ದೂರು ಹೇಳುತ್ತೀರಿ. "ಸರ, ಮೋಟಾರ ತಿರಗತೈತಿ, ನೀರ ಬರವಲ್ದು." ಅದರ ಬೆನ್ನಿಗೇ ಇನ್ನೊಂದು ಮಾತು: "ಹೊಸಾ ಪಂಪ ತರಲೇನ್ರಿ?" ಇವತ್ತಿನ ನನ್ನ ಮಾತೆಲ್ಲ ಈ ಎರಡನೆಯ ಪ್ರಶ್ನೆಗೆ ಉತ್ತರ. ಈಗಲೇ ತರಬೇಡಿ. ವ್ಯಾನಿನ ಪಂಪು ನೀರು ಕೊಡದೆ ಹೋದಾಗ ದೋಷ ಪಂಪಿನ ಹೊಟ್ಟೆಯೊಳಗೇ ಇರುವುದು ಅಪರೂಪ. ಟಾಕಿಯಿಂದ ಪಂಪಿಗೆ ನೀರು ಬರುವ ದಾರಿ ಒಂದು, ಬ್ಯಾಟರಿಯಿಂದ ಕರೆಂಟು ಬರುವ ದಾರಿ ಇನ್ನೊಂದು, ಪಂಪಿನಿಂದ ಬ್ರಷ್ಷಿನವರೆಗೆ ನೀರು ಹೋಗುವ ದಾರಿ ಮತ್ತೊಂದು. ಈ ಮೂರು ದಾರಿಗಳನ್ನು ಕ್ರಮವಾಗಿ ನೋಡಿದವನಿಗೆ ದೋಷ ಸಿಗುತ್ತದೆ. ನೋಡದವನು ಹೊಸ ಪಂಪು ಕೂರಿಸಿ, ಅದೂ ನೀರು ಕೊಡದಿದ್ದಾಗ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ.

ಇದರಲ್ಲಿ ಹಣದ ಮಾತಿಗಿಂತ ದೊಡ್ಡದೊಂದು ಇದೆ. ಕೋಲಿನ ತುದಿಗೆ ಬ್ರಷ್ಷು, ಬ್ರಷ್ಷಿಗೆ ನೀರು, ತೊಳೆಯುವವನು ನೆಲದ ಮೇಲೆ. ಈ ಪದ್ಧತಿ ಚೆನ್ನಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ 2005ರಲ್ಲಿ ಎತ್ತರದ ಕೆಲಸದ ನಿಯಮಗಳು ಜಾರಿಗೆ ಬಂದವು. ಮೇಲೆ ಹತ್ತದೆ ಮಾಡಲು ಸಾಧ್ಯವಿರುವ ಕೆಲಸವನ್ನು ಹತ್ತದೆಯೇ ಮಾಡಿ ಎಂಬುದು ಅವುಗಳ ತಿರುಳು. ಕಿಟಕಿ ತೊಳೆಯುವವರು ಏಣಿ ಬಿಟ್ಟು ಕೋಲು ಹಿಡಿಯಲು ಆ ನಿಯಮಗಳೂ ಒಂದು ದೊಡ್ಡ ಕಾರಣ. ನಮ್ಮಲ್ಲಿ ಪಂಪು ನಿಂತರೆ ಏನಾಗುತ್ತದೆ? ಆಸ್ಪತ್ರೆಯವರು, ಶೋರೂಮಿನವರು "ಇವತ್ತ ಮುಗಸ್ರಿ" ಅನ್ನುತ್ತಾರೆ. ಹುಡುಗ ಬಕೆಟ್ಟು ಹಿಡಿದು ಏಣಿ ಹತ್ತುತ್ತಾನೆ. ಸೊಂಟಕ್ಕೆ ಬೆಲ್ಟಿಲ್ಲ, ಕೆಳಗೆ ಏಣಿ ಹಿಡಿಯಲು ಜನರಿಲ್ಲ. ಪಂಪು ನಡೆಯುತ್ತಿರಬೇಕು ಎಂದು ನಾನು ಇಷ್ಟು ಹಟ ಹಿಡಿಯುವುದು ಆ ಹುಡುಗನಿಗಾಗಿ.

ಈ ಪಂಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬೆನ್ನಿಗೆ ಹೊತ್ತು ದ್ರಾಕ್ಷಿ ತೋಟಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪನ್ನು ನೀವು ಬಿಚ್ಚಿದ್ದರೆ, ಮನೆಯ ಆರ್‌ಓ ಯಂತ್ರದ ಬೂಸ್ಟರ್ ಪಂಪನ್ನು ನೋಡಿದ್ದರೆ, ಇದೂ ಅದೇ ಕುಲದ್ದು: ಡಯಾಫ್ರಮ್ ಪಂಪು. ಮೋಟಾರಿನ ದಂಡ ತಿರುಗಿದಾಗ ಓರೆಯಾಗಿ ಕೂರಿಸಿದ ಒಂದು ತಟ್ಟೆ ಓಲಾಡುತ್ತದೆ. ಅದು ರಬ್ಬರಿನ ಪೊರೆಯನ್ನು ಒಂದಾದ ಮೇಲೊಂದು ಕೋಣೆಯಲ್ಲಿ ಎಳೆಯುತ್ತದೆ, ಒತ್ತುತ್ತದೆ. ಎಳೆದಾಗ ಒಳಬರುವ ವಾಲ್ವ್ ತೆರೆಯುತ್ತದೆ, ಒತ್ತಿದಾಗ ಹೊರಹೋಗುವ ವಾಲ್ವ್ ತೆರೆಯುತ್ತದೆ. ಮೂರು ಅಥವಾ ನಾಲ್ಕು ಕೋಣೆಗಳು, ಸಣ್ಣ ರಬ್ಬರ್ ವಾಲ್ವ್‌ಗಳು, ತಲೆಯ ಮೇಲೆ, ಒತ್ತಡ ಹೆಚ್ಚಾದಾಗ ಕರೆಂಟು ಕಡಿಯುವ ಒಂದು ಪ್ರೆಶರ್ ಸ್ವಿಚ್. ಇಷ್ಟೇ.

ಬಾವಿಯ ಮೋಟಾರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬಾವಿಯ ಪಂಪಿಗೆ ಫುಟ್‌ವಾಲ್ವ್ ಸೋರಿದರೆ ಮೇಲಿನಿಂದ ನೀರು ತುಂಬಿ ಎಬ್ಬಿಸಬೇಕು. ಡಯಾಫ್ರಮ್ ಪಂಪು ಗಾಳಿಯನ್ನೂ ತಳ್ಳಬಲ್ಲದು, ಹಾಗಾಗಿ ತಾನೇ ನೀರು ಎಳೆದುಕೊಳ್ಳುತ್ತದೆ. ಆದರೆ ಅದು ಗಾಳಿಯನ್ನು ನೀರಿನಷ್ಟು ಗಟ್ಟಿಯಾಗಿ ಹಿಡಿಯಲಾರದು. ಎಳೆಯುವ ಪೈಪಿನಲ್ಲಿ ಕೂದಲಷ್ಟು ಬಿರುಕು ಸಾಕು, ಪಂಪು ನೀರು ಬಿಟ್ಟು ಗಾಳಿಯನ್ನೇ ಕುಡಿಯುತ್ತಾ ಕೂರುತ್ತದೆ. ಬಹಳ ದಿನ ಒಣಗಿ ನಿಂತ ಪಂಪಿನ ರಬ್ಬರ್ ವಾಲ್ವ್‌ಗಳೂ ಸರಿಯಾಗಿ ಮುಚ್ಚುವುದಿಲ್ಲ. ಆಗ ಒಳಬಾಯಿಗೆ ಒಂದಿಷ್ಟು ನೀರು ಸುರಿದು ಒದ್ದೆ ಮಾಡಿದರೆ ಸಾಕು.

ಮೊದಲು ಕಿವಿ

ಪಂಪು ಕೆಟ್ಟಿತು ಎಂದವನಿಗೆ ನಾನು ಮೊದಲು ಕೇಳುವುದು, ಸದ್ದು ಹೇಗಿದೆ ಎಂದು. ಸದ್ದೇ ಇಲ್ಲವಾದರೆ ಅದು ಕರೆಂಟಿನ ಕಥೆ. ನೀರಿನ ಪೈಪು ಮುಟ್ಟಲು ಹೋಗಬೇಡಿ. ಮೋಟಾರ್ ಹಗುರಾಗಿ, ಎತ್ತರದ ದನಿಯಲ್ಲಿ, ಎಂದಿಗಿಂತ ಸಲೀಸಾಗಿ ಓಡುತ್ತಿದ್ದು ನೀರಿಲ್ಲವಾದರೆ ಅದು ಗಾಳಿಯನ್ನು ಒತ್ತುತ್ತಿದೆ. ದೋಷ ಪಂಪಿನ ಹಿಂದಿದೆ. ಟಕ್ ಟಕ್ ಟಕ್ ಎಂದು ಹತ್ತುತ್ತಾ ಆರುತ್ತಾ ಇದ್ದರೆ ಪ್ರೆಶರ್ ಸ್ವಿಚ್ ಕಡಿಯುತ್ತಿದೆ. ಪಂಪಿನ ಮುಂದೆ ಎಲ್ಲೋ ನೀರಿಗೆ ತಡೆ ಇದೆ. ದನಿ ದಪ್ಪವಾಗಿ, ಎಳೆದು ಎಳೆದು ಓಡುತ್ತಿದ್ದರೆ ಮೋಟಾರಿಗೆ ವೋಲ್ಟೇಜ್ ಸಾಲುತ್ತಿಲ್ಲ. ನಿಮ್ಮ ಪಂಪು ಸರಿಯಿದ್ದಾಗಿನ ದನಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಕೆಟ್ಟ ದಿನ ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆಮೇಲೆ ಬಕೆಟ್

ಕಿವಿ ದಿಕ್ಕು ತೋರಿಸುತ್ತದೆ, ಖಾತ್ರಿ ಮಾಡಿಕೊಳ್ಳಲು ಒಂದು ಬಕೆಟ್ಟು ಬೇಕು. ಲೀಟರಿನ ಗುರುತು ಇರುವ ಬಕೆಟ್ಟು, ಗಡಿಯಾರ, ಒಂದು ಮೊಳ ಬಿಡಿ ಪೈಪು. ಈ ಪರೀಕ್ಷೆಯನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಪಂಪಿನಿಂದ ಹೊರಹೋಗುವ ಪೈಪನ್ನು ಪಂಪಿನ ಬಾಯಿಯಲ್ಲೇ ಬಿಚ್ಚಿ. ಆ ಬಾಯಿಗೆ ಬಿಡಿ ಪೈಪು ಸಿಕ್ಕಿಸಿ ಬಕೆಟ್ಟಿಗೆ ಬಿಡಿ. ಪಂಪಿನ ವೇಗ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್ ಇದ್ದರೆ ಪೂರ್ತಿ ವೇಗಕ್ಕೆ ಇಟ್ಟು ಒಂದು ನಿಮಿಷ ಓಡಿಸಿ. ಪಂಪಿನ ಮೈಮೇಲೆ ನಿಮಿಷಕ್ಕೆ 5 ಲೀಟರ್ ಎಂದು ಬರೆದಿದ್ದು, ಬಕೆಟ್ಟಿಗೆ ನಾಲ್ಕೂವರೆ, ಐದು ಲೀಟರ್ ಬಿದ್ದರೆ ಪಂಪು ಗಟ್ಟಿಯಾಗಿದೆ. ಅದನ್ನು ಮತ್ತೆ ಮುಟ್ಟಬೇಡಿ. ದೋಷ ಮುಂದಿನ ಪೈಪಿನಲ್ಲಿ, ರೀಲಿನಲ್ಲಿ, ಕೋಲಿನಲ್ಲಿ ಅಥವಾ ಬ್ರಷ್ಷಿನಿಂದ ನೀರು ಚಿಮ್ಮಿಸುವ ಜೆಟ್ಟಿನಲ್ಲಿದೆ.

ನೀರು ಬೀಳಲಿಲ್ಲ, ಅಥವಾ ಎರಡೇ ಲೀಟರ್ ಬಿತ್ತು ಎನ್ನೋಣ. ಈಗ ಹಿಂದಿನ ಪೈಪನ್ನೂ ಬಿಚ್ಚಿ. ಪಂಪಿನ ಒಳಬಾಯಿಗೆ ಗಿಡ್ಡ ಪೈಪು ಹಾಕಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ. ಬಕೆಟ್ಟು ಪಂಪಿನ ಮಟ್ಟದಲ್ಲೇ ಇರಲಿ. ಈಗ ಧಾರೆ ಸರಿಯಾಗಿ ಬಂದರೆ ದೋಷ ಟಾಕಿಗೂ ಪಂಪಿಗೂ ನಡುವೆ ಇದೆ: ಟಾಕಿಯ ವಾಲ್ವ್, ಜಾಳಿಗೆಯ ಫಿಲ್ಟರ್, ಪೈಪು, ಕ್ಲಿಪ್ಪು. ಆಗಲೂ ಬರಲಿಲ್ಲವೇ? ಪಂಪಿನ ಎರಡು ವಾಯರುಗಳನ್ನು ಬಿಡಿಸಿ, ನಡುವೆ ಫ್ಯೂಸ್ ಇಟ್ಟು, ದಪ್ಪ ವಾಯರಿನಿಂದ ನೇರ ಬ್ಯಾಟರಿಗೆ ಹಚ್ಚಿ. ದನಿ ಬದಲಾಗಿ ನೀರು ಬಂದರೆ ನಿಮ್ಮ ವ್ಯಾನಿನ ವಾಯರಿಂಗ್ ಅಥವಾ ಕಂಟ್ರೋಲರ್ ತಪ್ಪಿತಸ್ಥ. ಇದೆಲ್ಲ ಮಾಡಿದ ಮೇಲೂ ನೀರಿಲ್ಲವಾದರೆ, ಆಗ, ಆಗ ಮಾತ್ರ ಪಂಪು ಬಿಚ್ಚುವ ಮಾತು.

ಈ ಪರೀಕ್ಷೆಯ ಹಿಂದಿನ ಲೆಕ್ಕ ಸರಳ. ಪ್ರತಿ ಹೆಜ್ಜೆಯಲ್ಲೂ ಒಂದು ಭಾಗ ಅನುಮಾನದಿಂದ ಹೊರಬೀಳುತ್ತದೆ. ಒಮ್ಮೆಗೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ಕ್ಲಿಪ್ಪು ಬಿಗಿ ಮಾಡಿದರೆ ಕ್ಲಿಪ್ಪಷ್ಟೇ ಬಿಗಿ ಮಾಡಿ, ಓಡಿಸಿ ನೋಡಿ, ಆಮೇಲೆ ಫಿಲ್ಟರಿಗೆ ಹೋಗಿ.

ಕಾಣದ ಗಾಳಿ

ಹಿಂದಿನ ಪೈಪಿನ ದೋಷ ಹುಡುಕುವುದು ಕಷ್ಟ. ಮುಂದಿನ ಪೈಪು ಸೋರಿದರೆ ನೀರು ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಹಿಂದಿನದು ಎಳೆಯುವ ಪೈಪು. ಅಲ್ಲಿ ಬಿರುಕಿದ್ದರೆ ಪಂಪು ಓಡುವಾಗ ನೀರು ಹೊರಗೆ ಬರದೆ ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣಗಿಯೇ ಇರುತ್ತದೆ. ಅದಕ್ಕೆ ನನ್ನ ಸಲಹೆ: ಪಂಪಿನ ಹಿಂದೆ ಒಂದು ಗೇಣು ಪಾರದರ್ಶಕ ಪೈಪನ್ನು ಕಾಯಂ ಹಾಕಿಬಿಡಿ. ಅದರಲ್ಲಿ ಗುಳ್ಳೆ ಓಡುವುದು ಕಂಡರೆ ಗಾಳಿ ಬರುತ್ತಿದೆ ಎಂದು ಖಾತ್ರಿ. ಒಂದೊಂದೇ ಜಾಯಿಂಟಿನ ಮೇಲೆ ನೀರು ಸುರಿಯುತ್ತಾ ಹೋಗಿ. ಎಲ್ಲಿ ಸುರಿದಾಗ ಗುಳ್ಳೆ ನಿಲ್ಲುತ್ತದೋ ಅಲ್ಲಿದೆ ಬಿರುಕು. ಹೆಚ್ಚಾಗಿ ಸಿಗುವುದು ಫಿಲ್ಟರಿನ ಮುಚ್ಚಳದ ಓ-ರಿಂಗ್, ಅಂದರೆ ರಬ್ಬರಿನ ಬಳೆ. ತೊಳೆಯಲು ಬಿಚ್ಚಿದವರು ಅದನ್ನು ತಿರುಚಿ ಕೂರಿಸಿರುತ್ತಾರೆ, ಇಲ್ಲವೇ ಅದರ ಮೇಲೆ ಮರಳಿನ ಕಾಳು ಕೂತಿರುತ್ತದೆ.

ಎಳೆಯುವ ಪೈಪು ಅರ್ಧ ಇಂಚಿಗಿಂತ ಸಣ್ಣದಾಗಬಾರದು. ಮೆತ್ತನೆಯ ಪೈಪೂ ಬೇಡ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಮುಚ್ಚಿದ ವ್ಯಾನಿನಲ್ಲಿ ಮೆತ್ತನೆಯ ಪೈಪು ಇನ್ನಷ್ಟು ಮೆತ್ತಗಾಗಿ, ಪಂಪು ಎಳೆದ ಕೂಡಲೇ ಒಳಕ್ಕೆ ಕುಸಿದು ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ನೀರು ನಿಲ್ಲುತ್ತದೆ, ಸಂಜೆ ಮತ್ತೆ ಸರಿ. ಒಳಗೆ ತಂತಿ ಸುತ್ತಿದ ಸ್ಪ್ರಿಂಗ್ ಪೈಪು ಹಾಕಿದರೆ ಈ ಕಾಟವಿಲ್ಲ.

ಇನ್ನೊಂದು ದೋಷ ಪಂಪಿಗೂ ಪೈಪಿಗೂ ಸಂಬಂಧವೇ ಇಲ್ಲದ್ದು. ನಮ್ಮ ಎರೆಮಣ್ಣಿನ ಧೂಳು ಗೊತ್ತಲ್ಲ, ಎಲ್ಲಿದ್ದರೂ ಒಳಗೆ ಬರುತ್ತದೆ. ಅದಕ್ಕೆ ಹೆದರಿ ಟಾಕಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದು ಹಗ್ಗ ಕಟ್ಟುತ್ತಾರೆ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟಾಕಿಯೊಳಗೆ ನಿರ್ವಾತ ಹುಟ್ಟಿ ನೀರು ಬರಬರುತ್ತಾ ಕಡಿಮೆಯಾಗುತ್ತದೆ, ಟಾಕಿಯ ಮೈ ಒಳಕ್ಕೆ ಸೊಟ್ಟಗಾಗುತ್ತದೆ. ಮುಚ್ಚಳ ತೆರೆದ ಕ್ಷಣ ಸುಂಯ್ ಎಂದು ಗಾಳಿ ನುಗ್ಗಿ, ಪಂಪು ಜೀವ ಬಂದಂತೆ ಓಡಿದರೆ ಕಾರಣ ಇದೇ. ಮುಚ್ಚಳಕ್ಕೆ ಸಣ್ಣ ತೂತು ಹಾಕಿ, ತೂತಿಗೆ ಬಟ್ಟೆಯ ಫಿಲ್ಟರ್ ಕಟ್ಟಿ. ಧೂಳೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ.

ಜಾಳಿಗೆಯ ಫಿಲ್ಟರಿನೊಳಗೆ ಸಿಗುವುದು ಸಾಮಾನ್ಯವಾಗಿ ಮೂರು. ಟಾಕಿಗೆ ತೂತು ಕೊರೆದಾಗ ಒಳಗೆ ಬಿದ್ದ ಪ್ಲಾಸ್ಟಿಕ್ ಚೂರು, ಬಿಳಿ ಟಾಕಿಗೆ ಬಿಸಿಲು ತಾಗಿ ಬೆಳೆದ ಪಾಚಿ, ಮತ್ತು ಗಸಗಸೆಯಷ್ಟು ಸಣ್ಣ, ಕಂದು ಹಳದಿ ಕಾಳುಗಳು. ಕೊನೆಯದನ್ನು ಕಂಡರೆ ಎಚ್ಚರವಾಗಬೇಕು. ಅದು ನೀರಿನಲ್ಲಿ ಕರಗಿದ ಲವಣ ತೆಗೆಯುವ ಡಿಐ ಸಿಲಿಂಡರಿನೊಳಗಿನ ರೆಸಿನ್. ಸಿಲಿಂಡರಿನ ಒಳಗಿನ ಜಾಲರಿ ಹರಿದಿದೆ ಎಂದರ್ಥ. ಅಲ್ಲಿಂದ ತಪ್ಪಿಸಿಕೊಂಡ ಒಂದೇ ಒಂದು ಕಾಳು ಪಂಪಿನ ವಾಲ್ವಿನ ಕೆಳಗೆ ಕೂತರೆ ವಾಲ್ವ್ ಮುಚ್ಚುವುದಿಲ್ಲ. ಪಂಪು ಓಡುತ್ತದೆ, ಅರ್ಧ ನೀರು ಬರುತ್ತದೆ, ಒತ್ತಡ ಏರುವುದಿಲ್ಲ.

ರೆಸಿನ್ ಏಕೆ ಬೇಕು ಎಂದು ಹೊಸಬರು ಕೇಳಬಹುದು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದ ಕಡೆ 2000ದವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಆದರೆ ಗಾಜನ್ನು ಒರೆಸದೆ ಹಾಗೇ ಒಣಗಲು ಬಿಡುವ ನಮ್ಮ ಕೆಲಸಕ್ಕೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 10ರ ಒಳಗೆ ತೋರಿಸಬೇಕು, ಸೊನ್ನೆ ತೋರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಬೋರಿನ ಸವಳು ನೀರನ್ನು ಅಲ್ಲಿಗೆ ಇಳಿಸಲು ಆರ್‌ಓ ಮತ್ತು ರೆಸಿನ್ ಎರಡೂ ಬೇಕು. ಇಷ್ಟು ಖರ್ಚು ಮಾಡಿ ಮಾಡಿದ ನೀರು ಪಂಪಿನ ಹತ್ತಿರ ಹನಿಹನಿಯಾಗಿ ಸೋರುತ್ತಿದ್ದರೆ ನೋಡಿ ಸುಮ್ಮನಿರಬೇಡಿ.

ಕರೆಂಟಿನ ದಾರಿ

ಸದ್ದೇ ಇಲ್ಲದ ಪಂಪಿನಿಂದ ಶುರು ಮಾಡೋಣ. ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಅಳತೆಯದನ್ನು ಹಾಕಿ, ತಂತಿ ಸುತ್ತಬೇಡಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಮೋಟಾರ್ ಬಿಗಿದಿದೆ. ಫ್ಯೂಸ್ ಸರಿಯಿದ್ದರೆ ಮಲ್ಟಿಮೀಟರಿನಿಂದ ಪಂಪಿನ ವಾಯರಿನಲ್ಲೇ ವೋಲ್ಟೇಜ್ ಅಳೆಯಿರಿ. ಅಲ್ಲಿ 12 ಇದ್ದೂ ಪಂಪು ಮೌನವಾಗಿದ್ದರೆ, ಪ್ರೆಶರ್ ಸ್ವಿಚ್ಚಿನ ಎರಡು ತಂತಿಗಳನ್ನು ಒಂದು ಕ್ಷಣ ಒಂದಕ್ಕೊಂದು ಮುಟ್ಟಿಸಿ. ಪಂಪು ಎದ್ದು ಓಡಿದರೆ ಸ್ವಿಚ್ಚಿನ ಪಾಯಿಂಟ್ ಸುಟ್ಟಿದೆ, ಸ್ವಿಚ್ಚಷ್ಟೇ ಬದಲಿಸಿ. ಹಾಗೆ ನೇರ ಜೋಡಿಸಿಕೊಂಡೇ ಕೆಲಸ ಮುಂದುವರಿಸಬೇಡಿ. ಬ್ರಷ್ಷಿನ ಕಡೆ ನೀರು ಬಂದ್ ಆದರೆ ಪಂಪಿಗೆ ನಿಲ್ಲಲು ಹೇಳುವವರು ಆಗ ಯಾರೂ ಇರುವುದಿಲ್ಲ.

ಈಗ ಎಳೆದು ಎಳೆದು ಓಡುವ ಪಂಪು. ಬಹಳ ಹುಡುಗರು ಪಂಪು ಬಂದ್ ಇಟ್ಟು ಮೀಟರ್ ಹಚ್ಚಿ, "12.6 ಐತ್ರಿ, ಕರೆಂಟ್ ಬರಾಬರ ಐತಿ" ಅನ್ನುತ್ತಾರೆ. ತುಕ್ಕು ಹಿಡಿದ ಜಾಯಿಂಟೂ ಕರೆಂಟು ಹರಿಯದಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅಳೆಯಬೇಕಾದ್ದು ಪಂಪು ಓಡುತ್ತಿರುವಾಗ. ಮೊದಲು ಬ್ಯಾಟರಿಯ ಮೇಲೆ, ಆಮೇಲೆ ಪಂಪಿನ ಮೇಲೆ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಕಳ್ಳನಿದ್ದಾನೆ.

ಒಂದು ಲೆಕ್ಕ ಕೇಳಿ. ಬ್ಯಾಟರಿ ಮುಂದೆ, ಪಂಪು ಹಿಂದೆ, ನಡುವೆ 5 ಮೀಟರ್. ಹೋಗಿ ಬರುವ ವಾಯರು 10 ಮೀಟರ್. ಮನೆಯ ವಾಯರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವಾಯರು ಹಾಕಿದರೆ, 7 ಆಂಪಿಯರ್ ಎಳೆಯುವ ಪಂಪಿಗೆ ಸುಮಾರು 0.8 ವೋಲ್ಟ್ ವಾಯರಿನಲ್ಲೇ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಿನದು ಹಾಕಿದರೆ ಕಳೆಯುವುದು 0.3 ಮಾತ್ರ. ಮನೆಯ 230 ವೋಲ್ಟಿನಲ್ಲಿ ಮುಕ್ಕಾಲು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12 ವೋಲ್ಟಿನಲ್ಲಿ ಅದು ದೊಡ್ಡ ಪಾಲು. ಇನ್ನು ಒಂದು ಸಡಿಲ ಜಾಯಿಂಟಿನಲ್ಲಿ 0.2 ಓಮ್ ತಡೆ ಇದ್ದರೂ ಅಲ್ಲಿ 1.4 ವೋಲ್ಟ್ ಹೋಗಿ, ಸುಮಾರು 10 ವ್ಯಾಟ್ ಶಾಖ ಹುಟ್ಟುತ್ತದೆ. ಫ್ಯೂಸ್ ಹೋಲ್ಡರ್ ಕಂದಾಗಿ ಕರಗಿದ್ದು ನೋಡಿದ್ದೀರಲ್ಲ, ಅದು ಈ ಶಾಖದಿಂದ. ವಾಯರುಗಳನ್ನು ಕೈಯಿಂದ ತಿರುಚಿ ಟೇಪು ಸುತ್ತುವುದನ್ನು ಬಿಡಿ. ವಾಯರಿನ ತುದಿಗೆ ಥಿಂಬಲ್ ಎಂಬ ಲೋಹದ ಟೊಪ್ಪಿಗೆ ಹಾಕಿ ಒತ್ತಿಸಿ. ಅರ್ಥಿಂಗನ್ನು ಪೇಂಟಿನ ಮೇಲೆ, ತುಕ್ಕಿನ ಮೇಲೆ ಕೂರಿಸಬೇಡಿ. ಉಜ್ಜಿ ಬಿಳಿ ಕಬ್ಬಿಣ ಕಂಡ ಮೇಲೆ ಬೋಲ್ಟು ಬಿಗಿಯಿರಿ. ಸಾಧ್ಯವಿದ್ದರೆ ನೆಗೆಟಿವ್ ವಾಯರನ್ನೂ ನೇರ ಬ್ಯಾಟರಿಗೇ ಒಯ್ಯಿರಿ.

ಬ್ಯಾಟರಿಯ ವಿಷಯ. ಪೂರ್ತಿ ಚಾರ್ಜಾದ ಸೀಸದ ಬ್ಯಾಟರಿ ಒಂದೆರಡು ತಾಸು ಸುಮ್ಮನಿದ್ದ ಮೇಲೆ ಸುಮಾರು 12.7 ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಬೇಗ ತೀರುತ್ತದೆ. 5 ಆಂಪಿಯರಿನಂತೆ 6 ತಾಸು ಪಂಪು ಓಡಿದರೆ 30 ಆಂಪಿಯರ್-ಅವರ್ ಖರ್ಚು. ಹಾಗಾದರೆ ಕಡಿಮೆಯೆಂದರೂ 60ರ ಬ್ಯಾಟರಿ ಬೇಕು. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ ಜಾತಿಯದು. ಕ್ಷಣಮಾತ್ರ ದೊಡ್ಡ ಕರೆಂಟು ಕೊಡಲೆಂದು ಕಟ್ಟಿದ್ದು. ಅದರಿಂದಲೇ ದಿನವಿಡೀ ಪಂಪು ಓಡಿಸಿದರೆ ಸಂಜೆ ಗಾಡಿಯೂ ಏಳುವುದಿಲ್ಲ. ಪಂಪಿಗೆ ಪ್ರತ್ಯೇಕ ಬ್ಯಾಟರಿ ಇರಲಿ, ಮನೆಗೆ ಬಂದ ಮೇಲೆ ಚಾರ್ಜಿಗೆ ಹಾಕಿ. ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಅಷ್ಟೂ ಹೊತ್ತು ವ್ಯಾನಿನ ಬಾಗಿಲು ತೆರೆದಿಡಿ. ಬಹಳಷ್ಟು ಕಂಟ್ರೋಲರುಗಳು ವೋಲ್ಟೇಜ್ ತೀರಾ ಇಳಿದಾಗ ತಾವಾಗಿಯೇ ಪಂಪು ನಿಲ್ಲಿಸುತ್ತವೆ. ಅದು ಕೆಟ್ಟಿದ್ದಲ್ಲ, ಬ್ಯಾಟರಿಯನ್ನು ಉಳಿಸುತ್ತಿದೆ.

ಪಂಪಿನ ಮುಂದೆ

"ನಾಕನೇ ಅಂತಸ್ತಿಗೆ ನೀರ ಏರವಲ್ದು, ದೊಡ್ಡ ಪಂಪ ಬೇಕು" ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ನಾಲ್ಕನೇ ಅಂತಸ್ತಿನ ಕಿಟಕಿ 12 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನೀರನ್ನು 10 ಮೀಟರ್ ಏರಿಸಲು ಹತ್ತಿರ ಹತ್ತಿರ 1 ಬಾರ್ ಒತ್ತಡ ಬೇಕು, ಹಾಗಾಗಿ 12 ಮೀಟರಿಗೆ 1.2 ಬಾರ್. 100 ಪಿಎಸ್‌ಐ ಎಂದು ಬರೆದ ಪಂಪು ಸುಮಾರು 7 ಬಾರಿನವರೆಗೆ ಒತ್ತಬಲ್ಲದು. ಎತ್ತರ ತಿನ್ನುವುದು ಅದರ ಆರನೇ ಒಂದು ಪಾಲು ಮಾತ್ರ.

ಉಳಿದದ್ದನ್ನು ತಿನ್ನುವುದು ಪೈಪು. ನಿಮಿಷಕ್ಕೆ 2 ಲೀಟರ್ ನೀರು 6 ಮಿಲಿಮೀಟರ್ ಒಳವ್ಯಾಸದ 100 ಮೀಟರ್ ಪೈಪಿನಲ್ಲಿ ಹೋಗಬೇಕಾದರೆ ಘರ್ಷಣೆಗೇ ಸುಮಾರು 4 ಬಾರ್ ಬೇಕು. ಅದೇ ನೀರು 8 ಮಿಲಿಮೀಟರಿನ ಪೈಪಿನಲ್ಲಿ ಹೋದರೆ ಸುಮಾರು 1 ಬಾರ್ ಸಾಕು. ಎರಡು ಮಿಲಿಮೀಟರಿನ ವ್ಯತ್ಯಾಸಕ್ಕೆ ನಾಲ್ಕು ಪಟ್ಟು ಉಳಿತಾಯ! ದೊಡ್ಡ ಪಂಪಿನ ದುಡ್ಡಿನಲ್ಲಿ ದೊಡ್ಡ ಪೈಪು ತೆಗೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎತ್ತರದ ಮಾತು ಬಂದದ್ದರಿಂದ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆಯಾದ ಫೈಬರ್ ಕೋಲನ್ನೂ ನಂಬಬೇಡಿ. ಕಟ್ಟಡದ ಮಗ್ಗುಲಲ್ಲಿ ಹೆಸ್ಕಾಂನವರ ವಿದ್ಯುತ್ ಲೈನ್ ಹಾದುಹೋಗಿದ್ದರೆ ಆ ಬದಿಯ ಕೆಲಸಕ್ಕೆ ಕೋಲು ಎತ್ತಬೇಡಿ, ಅವರನ್ನು ಕೇಳಿ ಲೈನ್ ಬಂದ್ ಮಾಡಿಸದ ಹೊರತು.

ಮತ್ತೆ ಪಂಪಿಗೆ. ಪಂಪು ನಿಮಿಷಕ್ಕೆ 5 ಲೀಟರ್ ತಳ್ಳುತ್ತದೆ, ಜೆಟ್ಟಿನಿಂದ ಹೊರಗೆ ಹೋಗುವುದು 2 ಲೀಟರ್. ಉಳಿದ ನೀರಿಗೆ ಜಾಗವಿಲ್ಲ, ಒತ್ತಡ ಏರುತ್ತದೆ, ಸ್ವಿಚ್ ಕಡಿಯುತ್ತದೆ. ಕ್ಷಣದಲ್ಲಿ ಒತ್ತಡ ಇಳಿಯುತ್ತದೆ, ಸ್ವಿಚ್ ಹತ್ತುತ್ತದೆ. ಟಕ್ ಟಕ್ ಎಂಬ ಸದ್ದು ಇದೇ. ಹೀಗೆ ಬಿಟ್ಟರೆ ಸ್ವಿಚ್ಚಿನ ಪಾಯಿಂಟುಗಳು ಬೇಗ ಸುಡುತ್ತವೆ. ಮೊದಲು ಜೆಟ್ಟು ಕಟ್ಟಿದೆಯೇ, ಪೈಪು ರೀಲಿನಲ್ಲಿ ಮಡಿಚಿದೆಯೇ, ಗಾಡಿಯ ಗಾಲಿ ಪೈಪಿನ ಮೇಲೆ ನಿಂತಿದೆಯೇ ನೋಡಿ. ಅದೆಲ್ಲ ಸರಿಯಿದ್ದರೆ ಪಂಪಿನ ವೇಗ ಇಳಿಸುವ ಕಂಟ್ರೋಲರ್ ಹಾಕಿ. ಅದಿಲ್ಲವೆಂದರೆ ಮುಂದಿನ ಪೈಪಿಗೆ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ವಾಲ್ವ್ ಇಟ್ಟು, ಹೆಚ್ಚಾದ ನೀರು ಟಾಕಿಗೆ ಮರಳುವಂತೆ ಮಾಡಿ. ಕೆಲವರು ಇದಾವುದನ್ನೂ ಮಾಡದೆ ಪ್ರೆಶರ್ ಸ್ವಿಚ್ಚಿನ ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸಿ ಸದ್ದು ನಿಲ್ಲಿಸುತ್ತಾರೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಮೋಟಾರ್ ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಮುಂದೆ ಪೈಪಿನ ಅತಿ ದುರ್ಬಲ ಜಾಯಿಂಟ್ ಒಡೆಯುತ್ತದೆ.

ಒತ್ತಡವನ್ನು ಹೇಗೆ ಸಂಭಾಳಿಸಬೇಕು ಎಂದು ನೋಡಲು ವಿಜಯಪುರದವರು ಊರು ಬಿಟ್ಟು ಹೋಗಬೇಕಿಲ್ಲ. ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಆ ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ನೀರಿನ ಗೋಪುರಗಳನ್ನು ಕಟ್ಟಿದ್ದರು. ಕೊಳವೆ ಒಡೆಯದಂತೆ ಒತ್ತಡ ಅಲ್ಲಿ ಇಳಿಯುತ್ತಿತ್ತು, ನೀರಿನ ಜೊತೆ ಬಂದ ಕೆಸರು ಅಲ್ಲೇ ತಳಕ್ಕೆ ಕೂರುತ್ತಿತ್ತು. ಮೋಟಾರಿಲ್ಲದ ಕಾಲದಲ್ಲಿ, ನಮ್ಮೂರಿನಲ್ಲೇ, ಒತ್ತಡಕ್ಕೂ ಕಸಕ್ಕೂ ಇಷ್ಟು ಲಕ್ಷ್ಯ ಕೊಟ್ಟ ಜನರಿದ್ದರು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಮುಂದಿನ ಸಲ ಹಾದುಹೋಗುವಾಗ ಗಾಡಿ ನಿಲ್ಲಿಸಿ ನೋಡಿ.

ಟಕ್ ಟಕ್ ಸದ್ದಿನ ತಿರುವುಮುರುವು ಇನ್ನೊಂದಿದೆ: ಬ್ರಷ್ಷಿನ ಕಡೆ ನೀರು ಬಂದ್ ಮಾಡಿದರೂ ಪಂಪು ನಿಲ್ಲದಿರುವುದು. ಮುಂದೆ ಎಲ್ಲೋ ಸೋರುತ್ತಿರಬಹುದು, ವಾಲ್ವ್‌ಗಳು ಸವೆದಿರಬಹುದು, ಅಥವಾ ಬ್ಯಾಟರಿ ಇಳಿದು ಸ್ವಿಚ್ ಕಡಿಯುವಷ್ಟು ಒತ್ತಡ ಹುಟ್ಟಿಸಲು ಮೋಟಾರಿಗೆ ಶಕ್ತಿಯೇ ಉಳಿದಿರಲಿಕ್ಕಿಲ್ಲ. ಕಂಟ್ರೋಲರ್ ಇದ್ದವರು, ಪೈಪು ಅಥವಾ ಬ್ರಷ್ಷು ಬದಲಿಸಿದಾಗಲೆಲ್ಲ ಅದನ್ನು ಹೊಸದಾಗಿ ಹೊಂದಿಸಬೇಕು. ಅದು ಮೋಟಾರ್ ಎಳೆಯುವ ಕರೆಂಟು ನೋಡಿ ನೀರು ಬಂದ್ ಆಗಿದೆಯೋ ಇಲ್ಲವೋ ಎಂದು ಊಹಿಸುತ್ತದೆ. ಪೈಪು ಬದಲಾದರೆ ಅದರ ಊಹೆ ತಪ್ಪುತ್ತದೆ.

ಜೆಟ್ಟಿಗೆ ಸವಳು ಕಟ್ಟಿದ್ದರೆ ಸೂಜಿಯಿಂದ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಬಿಸಿನೀರಿಗೆ ಲಿಂಬಿ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದು ರಾತ್ರಿ ನೆನೆಸಿಡಿ, ಬೆಳಿಗ್ಗೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ.

ಬಿಚ್ಚುವುದಾದರೆ

ಎಲ್ಲ ಪರೀಕ್ಷೆ ಮುಗಿದು ಪಂಪೇ ಕೆಟ್ಟಿದೆ ಎಂದಾದರೂ ಇಡೀ ಪಂಪು ಬಿಸಾಡಬೇಕಿಲ್ಲ. ತಲೆಯ ಸ್ಕ್ರೂಗಳನ್ನು ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ವಾಲ್ವಿನ ಕೆಳಗೆ ಕಸ ಕೂತಿದ್ದರೆ ತೊಳೆದರೆ ಮುಗಿಯಿತು. ತಲೆ ಮತ್ತು ಮೋಟಾರಿನ ನಡುವಿನ ಸಂದಿಯಿಂದ ನೀರು ಹನಿಯುತ್ತಿದ್ದರೆ ಡಯಾಫ್ರಮ್ ಹರಿದಿರುತ್ತದೆ. ಅದನ್ನು ತಡಮಾಡದೆ ಬದಲಿಸಿ, ಇಲ್ಲದಿದ್ದರೆ ನೀರು ಬೇರಿಂಗಿಗೆ, ಮೋಟಾರಿಗೆ ಇಳಿಯುತ್ತದೆ. ಆಗ ನಿಜಕ್ಕೂ ಹೊಸ ಪಂಪೇ ಗತಿ. ಹೆಸರಾಂತ ಪಂಪುಗಳಿಗೆ ವಾಲ್ವ್, ಡಯಾಫ್ರಮ್, ಸ್ವಿಚ್ ಬಿಡಿಯಾಗಿ ಸಿಗುತ್ತವೆ. ಪಂಪು ಕೊಳ್ಳುವಾಗಲೇ ಬಿಡಿಭಾಗ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಬದಿ ಪೂರ್ತಿ ಬಿಗಿದರೆ ಪ್ಲಾಸ್ಟಿಕ್ ತಲೆ ಸೊಟ್ಟಗಾಗಿ ಸೋರುತ್ತದೆ.

ಬಂದ ಪ್ರಶ್ನೆಗಳು

"ಬ್ಯಾಸಗ್ಯಾಗ ಮಧ್ಯಾಹ್ನ ಪಂಪ ತಾನ ನಿಂದರತೈತಿ, ಚಾ ಕುಡದ ಬರೂದ್ರಾಗ ತಾನ ಚಾಲೂ ಆಗತೈತಿ. ಇದೇನ್ರಿ?" ಎಂದು ಬಸವನ ಬಾಗೇವಾಡಿ ಕಡೆಯ ಒಬ್ಬರು ಕೇಳಿದರು. ಅದು ಮೋಟಾರಿನೊಳಗಿನ ಶಾಖದ ಕಟ್‌ಔಟ್. ಈ ಪಂಪುಗಳಲ್ಲಿ ಹೆಚ್ಚಿನವು ಬಿಡುವು ಕೊಟ್ಟು ಓಡಿಸಲು ಮಾಡಿದವು. ಹೊರಗೆ 40 ಡಿಗ್ರಿ ದಾಟಿದಾಗ ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಶೀತ ದೇಶಗಳಲ್ಲಿ ಇದೇ ಪಂಪಿನ ತಲೆ ಮಂಜುಗಡ್ಡೆ ಕಟ್ಟಿ ಒಡೆಯುತ್ತದೆ, ನಮಗೆ ಬಿಸಿಲಿನ ಕಾಟ. ಪಂಪನ್ನು ಬಾಗಿಲ ಹತ್ತಿರ ಗಾಳಿಯಾಡುವ ಕಡೆ ಕೂರಿಸಿ, ಬಾಗಿಲು ತೆರೆದಿಡಿ, ವೇಗ ಇಳಿಸಿ. ಬೆಳಿಗ್ಗೆ ಬೇಗ ಕೆಲಸ ಶುರು ಮಾಡಿದರೆ ಇನ್ನೂ ಒಳ್ಳೆಯದು. ಸೋಲಾರ್ ಪ್ಯಾನಲ್ಲನ್ನಂತೂ ಕಾದ ಮೇಲೆ ತೊಳೆಯಲೇಬಾರದು, ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು.

ಒಂದೇ ಟಾಕಿಗೆ ಎರಡು ಪಂಪು ಹಾಕಬಹುದೇ ಎಂದು ಇನ್ನೊಬ್ಬರ ಪ್ರಶ್ನೆ. ಹಾಕಬಹುದು, ಆದರೆ ಟಾಕಿಯಿಂದ ಎರಡಕ್ಕೂ ಬೇರೆ ಬೇರೆ ಬಾಯಿ ಇರಲಿ. ಒಂದೇ ಸಣ್ಣ ಬಾಯಿಯಿಂದ ಎರಡು ಎಳೆದರೆ ಎರಡೂ ಹಸಿದಿರುತ್ತವೆ. ಟಾಕಿ ದೊಡ್ಡದು ಮಾಡುವ ಮೊದಲು ಗಾಡಿಯ ತೂಕವನ್ನೂ ಲೆಕ್ಕ ಹಾಕಿ: 500 ಲೀಟರ್ ನೀರೆಂದರೆ 500 ಕಿಲೋ, ಟಾಕಿ, ಬ್ಯಾಟರಿ, ಆಳುಗಳು ಬೇರೆ. ಅರ್ಧ ತುಂಬಿದ ಟಾಕಿಯ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗುತ್ತದೆ. ಒಳಗೆ ಅಡ್ಡಗೋಡೆ ಇರುವ ಟಾಕಿಯನ್ನೇ ಕೊಳ್ಳಿ, ಚಾಸಿಗೆ ಬೋಲ್ಟು ಹಾಕಿ ಬಿಗಿಯಿರಿ.

ಕೊನೆಯ ಪ್ರಶ್ನೆ ತೋಟ ಇರುವವರದು. "ಮನ್ಯಾಗ ಎಣ್ಣಿ ಹೊಡಿಯೂ ಪಂಪ ಐತಿ, ಅದನ್ನ ವ್ಯಾನಿಗೆ ಹಾಕಿದ್ರ ಆಗೂದಿಲ್ಲೇನ್ರಿ?" ಕರೆಂಟಿನ ಲೆಕ್ಕದಲ್ಲಿ ಆಗುತ್ತದೆ. ಅದೂ 12 ವೋಲ್ಟು, ಅದೂ ಡಯಾಫ್ರಮ್. ಆದರೆ ಕೀಟನಾಶಕ ಕುಡಿದ ಪಂಪನ್ನು ಹಾಕಬೇಡಿ. ರಬ್ಬರಿನಲ್ಲಿ, ಪೈಪಿನಲ್ಲಿ ಇಂಗಿದ ಔಷಧ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬ್ರಷ್ಷಿನಿಂದ ಇಳಿಯುವ ನೀರು ನಿಮ್ಮ ತಲೆಯ ಮೇಲೆ, ಕಣ್ಣಿಗೆ, ಬಾಯಿಗೆ ಬೀಳುತ್ತದೆ. ಆಸ್ಪತ್ರೆಯ, ಶಾಲೆಯ ಕಿಟಕಿಯ ಚೌಕಟ್ಟಿನ ಮೇಲೂ ಉಳಿಯುತ್ತದೆ. ಅದೇ ಮಾದರಿಯ ಹೊಸ ಪಂಪು ತಂದು ವ್ಯಾನಿಗೆಂದೇ ಇಡಿ. ಅದರ ಮೈಮೇಲೆ ಪೇಂಟಿನಿಂದ ಗುರುತು ಮಾಡಿ, ಮನೆಯವರೂ ಆಳುಗಳೂ ತೋಟಕ್ಕೆ ಒಯ್ಯದಂತೆ.